ನುಚ್ಚಿನಂಥ ಹಿಮ, ಹತ್ತು ಗಂಟೆಯ ಬಿಸಿಲು

ತಂಗಿ, ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬಂದು ನಾಲ್ಕು ತಿಂಗಳಾಯಿತು, ಕಚೇರಿಯವರು ಮೇ ತಿಂಗಳಲ್ಲಿ ಮೌಂಟ್ ಹುಡ್ ಪರ್ವತ ಹತ್ತಿ ಸ್ಕೀ ಎಂಬ ಉದ್ದನೆಯ ಜಾರುಪಟ್ಟಿಗಳ ಮೇಲೆ ಇಳಿಯೋಣ ಎಂದು ಕರೆಯುತ್ತಿದ್ದಾರೆ, ಯಾದಗಿರಿಯ ಬಿಸಿಲಲ್ಲಿ ಬೆಳೆದ ನನಗೆ ಇದು ಆಗುವ ಮಾತೇ ಅಕ್ಕಾ ಎಂದು ಕೇಳಿದ್ದೀಯ. ನಾನು ರಜೆಗೆ ಕಲಬುರಗಿಯ ತವರುಮನೆಗೆ ಬಂದಿದ್ದೇನೆ. ಹೊರಗೆ ರಣಬಿಸಿಲು, ಓಣಿಯಲ್ಲಿ ನಾಯಿಯೂ ಸುಳಿಯುತ್ತಿಲ್ಲ. ವಸಂತದ ಹಿಮದ ಬಗ್ಗೆ ಬರೆಯಲು ಇದೇ ಸರಿಯಾದ ಜಾಗ. ಅದು ಪೂರ್ತಿ ಬಿಸಿಲಿನ ಲೆಕ್ಕ.

ರಾತ್ರಿ ಕಲ್ಲಾದ ಹಿಮ ಬೆಳಗಿನ ಬಿಸಿಲಿಗೆ ಮೇಲೆ ಎರಡು ಬೆರಳಿನಷ್ಟು ಸಡಿಲಾಗುತ್ತದೆ. ದಿನವೂ ಕರಗಿ, ಮತ್ತೆ ಹೆಪ್ಪುಗಟ್ಟಿ ಕಣಗಳು ದುಂಡಗಾಗಿರುತ್ತವೆ. ಅಲ್ಲಿನವರು ಅದನ್ನು ‘ಕಾರ್ನ್’ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಜೋಳದ ನುಚ್ಚು. ಆ ಹದ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೇಗ ಇಳಿದರೆ ಗಾಜು, ತಡವಾದರೆ ಅಂಬಲಿ. ಅಂಬಲಿಯಾದ ಹಿಮ ಕಡಿದಾದ ಇಳಿಜಾರಿನಲ್ಲಿ ತಾನೇ ಕುಸಿದು ಬರುತ್ತದೆ. ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸ್ಕೀ ಮಾಡುವವರ ಮನಸ್ಸು ಎಳೆಯುವ ಜಾಗದಲ್ಲೇ.

ಬೇಸಿಗೆಯಲ್ಲಿ ನಸುಕಿಗೇ ಹೊಲಕ್ಕೆ ಹೋಗಿ ಹತ್ತರೊಳಗೆ ಮನೆ ಸೇರುತ್ತಿದ್ದ ಅಪ್ಪನ ಮಗಳು ನಾನು. ಆದರೂ ನನ್ನ ಮೊದಲ ಸಲ ಹೊತ್ತು ಏರಿದ ಮೇಲೆ ಹೊರಟೆವು. ಸುಮಾರು 1,800 ಮೀಟರ್ ಎತ್ತರದ ಟಿಂಬರ್‌ಲೈನ್ ಲಾಡ್ಜ್‌ನಿಂದ ರಾತ್ರಿ ಎರಡಕ್ಕೆ ಹೊರಡಬೇಕಿತ್ತು. ಒಬ್ಬರ ಬೂಟು ಮನೆಯಲ್ಲೇ ಉಳಿದು ಆರಾಯಿತು. ಸ್ಕೀ ಅಡಿಗೆ ‘ಸ್ಕಿನ್’ ಎಂಬ ಪಟ್ಟಿ ಅಂಟಿಸಿಕೊಂಡು ಹತ್ತುತ್ತಾರೆ. ಅದರ ಕೂದಲು ಒಂದೇ ದಿಕ್ಕಿಗೆ ಮಲಗಿರುವುದರಿಂದ ಮುಂದೆ ಸರಿಯುತ್ತದೆ, ಹಿಂದೆ ಜಾರುವುದಿಲ್ಲ. ಹಾಗ್ಸ್‌ಬ್ಯಾಕ್ ಎಂಬ ಹಿಮದ ದಿಬ್ಬ ಮುಟ್ಟುವಾಗ ಹತ್ತು ದಾಟಿತ್ತು. ಈ ಪರ್ವತ ಜ್ವಾಲಾಮುಖಿ, ಪಕ್ಕದ ಬಿರುಕುಗಳಿಂದ ಗಂಧಕದ ಹೊಗೆ. ದೀಪಾವಳಿಯ ಮರುದಿನದ ಓಣಿಯ ವಾಸನೆ. ಮೇಲಿನ ಬಂಡೆಗಳಿಗೆ ಅಂಟಿದ್ದ ಮಂಜುಗಡ್ಡೆ ಬಿಸಿಲಿಗೆ ಕಳಚಿ, ಊಟದ ತಟ್ಟೆಯಷ್ಟು ದೊಡ್ಡ ಚೂರುಗಳು ಉರುಳತೊಡಗಿದವು. 3,429 ಮೀಟರಿನ ಶಿಖರ ಕಣ್ಣೆದುರಿಗೇ ಇತ್ತು. ಹಿಂದಿರುಗಿದೆವು. ಸಿಟ್ಟಿನಿಂದ ಅತ್ತುಬಿಟ್ಟೆ ಎಂದು ಹೇಳಲು ಈಗ ನಾಚಿಕೆಯಿಲ್ಲ. ಕೆಳಗೆ ಆಗಲೇ ಅಂಬಲಿ. ಎಷ್ಟು ಸಲ ಬಿದ್ದೆನೋ ಎಣಿಸಲಿಲ್ಲ.

ಆದ್ದರಿಂದ ಈ ವರ್ಷ ಬೇಡ. ‘ಬಹಳ ಸುಲಭ’ ಎನ್ನುವ ನಿನ್ನ ಕಚೇರಿಯವರು ನಾಲ್ಕನೇ ವಯಸ್ಸಿಗೇ ಸ್ಕೀ ಕಟ್ಟಿದವರಿರಬಹುದು. ನಮ್ಮಲ್ಲಿ ಕರೆದರೆ ಹೋಗದಿದ್ದರೆ ಮುನಿಸು. ಅಲ್ಲಿ ‘ನನಗಿನ್ನೂ ಬರುವುದಿಲ್ಲ’ ಎಂದರೆ ಯಾರೂ ಬೇಸರಿಸುವುದಿಲ್ಲ. ನನಗೆ ಇದು ತಿಳಿಯಲು ಎರಡು ವರ್ಷ ಹಿಡಿಯಿತು. ಮೊದಲು ಇಳಿಜಾರಿನ ಮೇಲಕ್ಕೆ ಕರೆದೊಯ್ಯುವ ಲಿಫ್ಟ್ ಇರುವ ಕಡೆ ಕಲಿ, ಆಮೇಲೆ ಹಿಮಕುಸಿತದ ತರಬೇತಿ. ಹಿಮದಡಿ ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ ‘ಬೀಕನ್’, ಉದ್ದನೆಯ ಶೋಧಕ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು. ಹೂತುಹೋದವರನ್ನು 15 ನಿಮಿಷದೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಕುಗ್ಗುತ್ತದೆ. ಅಷ್ಟರಲ್ಲಿ ಅಗೆಯಬಲ್ಲವರು ಜೊತೆಗಿರುವವರು ಮಾತ್ರ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿ. ಅಂಗಡಿಯ ಚಾಕೊಲೇಟ್ ಪಟ್ಟಿಗಳು ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತವೆ. ಕಪ್ಪು ಕನ್ನಡಕ ತೆಗೆಯಬೇಡ. ಕಲಬುರಗಿಯ ಬಿಸಿಲು ಕಂಡ ಚರ್ಮಕ್ಕೆ ಸನ್‌ಸ್ಕ್ರೀನ್ ಏಕೆ ಎಂದು ನಾನು ಬಿಟ್ಟಿದ್ದೆ. ಹಿಮದ ಬೆಳಕು ಕೆಳಗಿನಿಂದಲೂ ಸುಡುತ್ತದೆ. ಗದ್ದದಡಿಗೂ ಮೂಗಿನ ಹೊಳ್ಳೆಗಳಿಗೂ ಹಚ್ಚಿಕೋ.