ಕಂಸದ ಸೆರೆಯಲ್ಲಿ ಅಜ್ಜಿ

ಪ್ರಿಯರೇ,

ನೀವು ಕಳಿಸಿದ ಲೇಖನ ‘ಸಮಾಜ ಮತ್ತು ಸಂಸ್ಕೃತಿ: ಒಂದು ಅವಲೋಕನ’ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ, ಓದಿಕೊಂಡು ಬರೆದಿದ್ದೀರಿ. ಸಂತೋಷ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಇಷ್ಟು ಬರೆದು ಸುಮ್ಮನಾಗುತ್ತಿದ್ದೆ, ಆರನೇ ಪುಟ ಬಿಡಲಿಲ್ಲ.

ಮೊದಲು ಸಿಟ್ಟು ತರಿಸಿದ್ದು. ಮೂರನೇ ಪುಟದಲ್ಲಿ ‘ಸಮಾಜವು ವ್ಯಕ್ತಿಯ ಮೇಲೆ ಒತ್ತಡ ಹೇರುತ್ತದೆ.’ ಅದರ ಕೆಳಗೇ ‘ಇಂಥ ಮದುವೆಯನ್ನು ಸಮಾಜ ಒಪ್ಪುವುದಿಲ್ಲ.’ ಮುಂದಿನ ಪ್ಯಾರಾದಲ್ಲಿ ‘ಸಮಾಜ ಬದಲಾಗುತ್ತಿದೆ.’ ಯಾರ್ರೀ ಈ ಸಮಾಜ? ಮದುವೆಗೆ ಬರಲ್ಲ ಅಂದವರು ಸೋದರಮಾವನೇ, ಓಲಗದವರೇ, ಅಡುಗೆಯವರೇ? ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಖೈಮ್ ಹಾಗೇ ಹೇಳಿದ್ದಾನಲ್ಲ ಅಂತೀರಿ. ಹೇಳಿದ್ದಾನೆ, ಸಾಮಾಜಿಕ ಸಂಗತಿ ನಮ್ಮ ಹೊರಗಿದ್ದುಕೊಂಡೇ ನಮ್ಮನ್ನು ಕಟ್ಟಿಹಾಕುತ್ತದೆ ಅಂತ. ಆದರೆ 1897ರಲ್ಲಿ ಆತ್ಮಹತ್ಯೆ ಕುರಿತು ಬರೆಯುವಾಗ ಅದೇ ಡರ್ಖೈಮ್ ಪ್ರಾಟೆಸ್ಟೆಂಟರು, ಕ್ಯಾಥೊಲಿಕರು, ಮದುವೆಯಾದವರು, ಆಗದವರು ಅಂತ ಒಂದೊಂದೇ ಗುಂಪನ್ನು ಬಿಡಿಸಿ ಎಣಿಸಿದ. ನೀವು ಎಣಿಸಲಿಲ್ಲ.

ನಾನೂ ಎಣಿಸಿರಲಿಲ್ಲ. ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಒಂದು ಹಳ್ಳಿಯ ಟೀ ಅಂಗಡಿ ಬಗ್ಗೆ ಬರೆದಿದ್ದೆ. ‘ಸಮಾಜದಲ್ಲಿ ಅಸ್ಪೃಶ್ಯತೆ ಇನ್ನೂ ಜೀವಂತವಾಗಿದೆ’ ಅಂತ ಶುರು. ನಮ್ಮ ಹಿರಿಯರು ‘ಸಮಾಜ’ಕ್ಕೆ ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ‘ಮನೆ ಯಾವ ಬೀದೀಲಿ?’ ಅಂತ ಬರೆದು ವಾಪಸ್ ಎಸೆದರು. ಸ್ವಂತ ದುಡ್ಡಲ್ಲಿ ಮತ್ತೆ ಬಸ್ಸು ಹತ್ತಿದೆ. ಆ ಸಲ ಕಂಡದ್ದು ಇಷ್ಟು: ಬೇರೆ ಲೋಟ ಅಂಗಡಿಯ ಒಳಗಿರಲಿಲ್ಲ, ಸೂರಿನ ಸಂದಿಯಲ್ಲಿತ್ತು. ಬಂದವನು ತಾನೇ ತೆಗೆದು, ತಾನೇ ತೊಳೆದು, ಹಿಡಿಯುತ್ತಿದ್ದ. ಅಂಗಡಿಯವನು ಮೇಲಿಂದ ಹುಯ್ಯುತ್ತಿದ್ದ. ಕುಡಿದಾದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ಮೊದಲ ಸಲ ಹೋದಾಗ ನಾನು ಅದೇ ಸೂರಿನ ಕೆಳಗೆ ನಿಂತು ಟೀ ಕುಡಿದು ಬಂದಿದ್ದೆ!

ಇನ್ನು ಆರನೇ ಪುಟ. ನಿಮ್ಮ ಸಾಲು: ‘ನಮ್ಮ ಮನೆತನದಲ್ಲಿ ಮಾರಮ್ಮನಿಗೆ ಮರಿ ಕಡಿಯುವುದು ನಿಂತು ಬೂದುಗುಂಬಳಕಾಯಿ ಒಡೆಯುವುದು ಬಂದಿತು; ಇದು ಸಂಸ್ಕೃತೀಕರಣಕ್ಕೆ ಉತ್ತಮ ಉದಾಹರಣೆ.’ ಸಂಸ್ಕೃತೀಕರಣ ಅಂದರೆ ಕೆಳಗಿನ ಜಾತಿಯವರು ಮೇಲಿನವರ ಆಚಾರ ಹಿಡಿದು ಮೇಲೇರಲು ನೋಡುವುದು, ಸರಿ. ಆದರೆ ‘ನಿಂತು’, ‘ಬಂದಿತು’ ಅಂದರೆ? ತಾನಾಗಿ ನಿಂತಿತೇ? ಎಂಟನೇ ಪುಟ ನೋಡಿದರೆ ಪೇಟೆಯಲ್ಲಿ ಮನೆ ಕಟ್ಟಿದ ಚಿಕ್ಕಪ್ಪ ನಿಲ್ಲಿಸಿದ್ದು. ‘ಉತ್ತಮ ಉದಾಹರಣೆ’ ಅಂದ ಕೂಡಲೇ ಚಿಕ್ಕಪ್ಪ ಮಾಯ, ಚೀಟಿ ಮಾತ್ರ ಉಳಿಯಿತು.

ಅದರ ಕೆಳಗೆ, ‘ಎಂ.ಎನ್. ಶ್ರೀನಿವಾಸರ ಪ್ರಕಾರ ಕೆಳಜಾತಿಗಳು ಬ್ರಾಹ್ಮಣರನ್ನು ಅನುಕರಿಸುತ್ತವೆ.’ ಸಂಸ್ಕೃತೀಕರಣ ಅನ್ನುವ ಮಾತನ್ನು ಬಳಕೆಗೆ ತಂದ ಸಮಾಜಶಾಸ್ತ್ರಜ್ಞ ಅವರು; 1952ರಲ್ಲಿ ಕೊಡವರ ಬಗ್ಗೆ ಬರೆದ ಪುಸ್ತಕದ ಮಟ್ಟಿಗೆ ಹೆಚ್ಚುಕಡಿಮೆ ಸರಿ. ಆಮೇಲೆ ಅವರೇ ತಿದ್ದಿಕೊಂಡರು: ಮಾದರಿ ಕ್ಷತ್ರಿಯರದ್ದಿರಬಹುದು, ಊರಿನ ಪ್ರಬಲ ಜಾತಿಯದ್ದಿರಬಹುದು, ನಮ್ಮ ಕಡೆ ಎಷ್ಟೋ ಜಾತಿಗಳಿಗೆ ಲಿಂಗಾಯತರೇ ಮಾದರಿಯಾದರು. ಚಿಕ್ಕಪ್ಪ ಯಾರ ಮನೆ ನೋಡಿ ಮರಿ ಕಡಿಯುವುದು ಬಿಟ್ಟರು? ಪಕ್ಕದ ಸೈಟಿನವರದ್ದೋ, ಬೀಗರದ್ದೋ? ಕೇಳಿದಿರಾ?

ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿ ಉಳಿದರು. ಅದನ್ನು ರಾಂಪುರ ಅಂತ ಕರೆದರು. ವರ್ಷಗಟ್ಟಲೆ ವಿಂಗಡಿಸಿ ಸಿದ್ಧಮಾಡಿದ್ದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ, ಮೂರು ಪ್ರತಿಯೂ, ಬೆಂಕಿಗೆ ಹೋದವು. ನೆನಪಿನಿಂದಲೇ ಬರೆದರು, 1976ರಲ್ಲಿ ಪುಸ್ತಕ ಬಂತು. ನಿಮ್ಮ ಟಿಪ್ಪಣಿ ಸುಟ್ಟುಹೋದರೆ ಏನು ಉಳಿಯುತ್ತದೆ ಅಂತ ಯೋಚಿಸಿದೆ. ಉಳಿಯುವುದು ಒಂದೇ. ಅದನ್ನು ನೀವು ಕಂಸದೊಳಗೆ ಹಾಕಿದ್ದೀರಿ, ಪಾಪ, ದೇವಕಿಯ ಹಾಗೆ: ‘(ಆದರೂ ಅಜ್ಜಿ ಹಬ್ಬದ ಮಾರನೇ ದಿನ ತೋಟದಲ್ಲಿ ಮೂರು ಕಲ್ಲು ಹೂಡಿ ಸಾರು ಮಾಡುತ್ತಿದ್ದರು.)’

ಐದು ಪುಟ ಸಿದ್ಧಾಂತ ತೆಗೆಯಿರಿ, ಅಜ್ಜಿಯನ್ನು ಬಿಡಿಸಿಕೊಂಡು ಬನ್ನಿ. ಅವರು ಇದ್ದರೆ ಕೇಳಿ, ಇಲ್ಲದಿದ್ದರೆ ಅತ್ತೆಯಂದಿರನ್ನು ಕೇಳಿ. ಮನೆ ಒಲೆ ಬಿಟ್ಟು ತೋಟಕ್ಕೆ ಯಾಕೆ ಹೋದರು? ಮಾಂಸ ಯಾರು ತಂದುಕೊಟ್ಟರು? ಪಾತ್ರೆ ಎಲ್ಲಿ ತೊಳೆಯುತ್ತಿದ್ದರು? ಆ ದಿನ ಚಿಕ್ಕಪ್ಪ ತೋಟದ ಕಡೆ ಬರುತ್ತಿದ್ದರೇ?