ಅಪ್ಪನಿಗೆ ಸುಸ್ತು, ಕಬ್ಬಿಣದ ಮಾತ್ರೆ ಕೊಡಬಹುದಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಕೆಂಪು ರಕ್ತಕಣ ಜಾಸ್ತಿಯಾಗುವ ಪಾಲಿಸೈಥೀಮಿಯಾ ವೆರಾ ಇದೆ. ಆಗಾಗ ರಕ್ತ ತೆಗೆಸುತ್ತೇವೆ, ಆಸ್ಪಿರಿನ್ ಕೊಡುತ್ತಿದ್ದೇವೆ. ಈಗ ತುಂಬಾ ಸುಸ್ತು ಅಂತಾರೆ. ರಿಪೋರ್ಟಿನಲ್ಲಿ ಕಬ್ಬಿಣದಂಶ ಕಡಿಮೆ, ಪ್ಲೇಟ್‌ಲೆಟ್ ನಾರ್ಮಲ್. ಕಬ್ಬಿಣದ ಮಾತ್ರೆ ಶುರು ಮಾಡಿ ಆಸ್ಪಿರಿನ್ ನಿಲ್ಲಿಸಬಹುದಾ?

ಉತ್ತರ: ದಯವಿಟ್ಟು ಎರಡನ್ನೂ ನೀವಾಗಿಯೇ ಮಾಡಬೇಡಿ. ರಕ್ತ ತೆಗೆದಾಗ ಅದರ ಜೊತೆ ಕಬ್ಬಿಣವೂ ಹೋಗುತ್ತದೆ, ಕಬ್ಬಿಣ ಸಿಗದೆ ಮೂಳೆಯೊಳಗಿನ ಮಜ್ಜೆ ಕೆಂಪು ಕಣ ಹುಟ್ಟಿಸುವುದನ್ನು ಕಡಿಮೆ ಮಾಡುತ್ತದೆ. ನಮಗೆ ಬೇಕಾಗಿರುವುದೂ ಅದೇ ಅಲ್ವಾ? ಈಗ ಮಾತ್ರೆ ಕೊಟ್ಟರೆ ಆರಿಸಬೇಕಾದ ಒಲೆಗೆ ಸೌದೆ ಹಾಕಿದ ಹಾಗೆ. ಆದರೆ ಸುಸ್ತನ್ನು ಸುಮ್ನೆ ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ರಕ್ತರೋಗ ತಜ್ಞರಿಗೆ ಹೇಳಿ. ರಕ್ತ ತೆಗೆಯುವುದನ್ನು ಕಡಿಮೆ ಮಾಡಿ ಕಣ ಹುಟ್ಟುವುದನ್ನೇ ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಥರದ ಔಷಧಿ ಕೊಡುವ ದಾರಿ ಇದೆ. 60 ದಾಟಿದವರಿಗೆ ಹೆಪ್ಪುಗಟ್ಟುವ ಅಪಾಯ ಜಾಸ್ತಿ ಇರುವುದರಿಂದ ಅದನ್ನು ಹೇಗೂ ಕೊಡುವುದುಂಟು.

ರಿಪೋರ್ಟಿನಲ್ಲಿ ಪಿಸಿವಿ ಅಥವಾ ಹೆಮಟೊಕ್ರಿಟ್ ಅಂತ ಒಂದು ಸಾಲು ಇರುತ್ತದೆ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡಾ ಎಷ್ಟು ಅಂತ. ಮೊದಲು ಅದನ್ನು ನೋಡಿ. ಅಲ್ಲಿ 48 ಇದ್ದರೆ ಪಕ್ಕದಲ್ಲಿ ನಾರ್ಮಲ್ ಅಂತಲೇ ಬಂದಿರುತ್ತದೆ, ಯಾಕೆಂದರೆ ಆರೋಗ್ಯವಂತ ಗಂಡಸರಿಗೆ ಅದು ಸರಿಯೇ. ನಿಮ್ಮ ಅಪ್ಪನಿಗೆ ಸರಿಯಲ್ಲ. ಅವರದು 45ರ ಒಳಗಿರಬೇಕು. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, 45ರಿಂದ 50ರ ನಡುವೆ ಬಿಟ್ಟವರಿಗೆ ಹೃದಯ, ರಕ್ತನಾಳದ ತೊಂದರೆಯಿಂದ ಸಾವು ಅಥವಾ ದೊಡ್ಡ ಹೆಪ್ಪು ಆಗುವ ಅಪಾಯ ಸುಮಾರು ನಾಲ್ಕು ಪಟ್ಟು ಇತ್ತು.

ಪ್ಲೇಟ್‌ಲೆಟ್ ನಾರ್ಮಲ್ ಬಂತು ಅಂತ, ರಕ್ತ ಹೆಪ್ಪುಗಟ್ಟದಂತೆ ತಡೆಯಲು ಕೊಡುವ ಆಸ್ಪಿರಿನ್ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ. ಈ ಕಾಯಿಲೆಯಲ್ಲಿ ಕಣಗಳ ಲೆಕ್ಕ ಮಾತ್ರ ಅಲ್ಲ, ಸ್ವಭಾವವೇ ಬದಲಾಗಿರುತ್ತದೆ. ಬಹುತೇಕ ಎಲ್ಲರಲ್ಲೂ ಜಾಕ್2 ಅನ್ನುವ ಜೀನ್ ಕೆಟ್ಟಿರುತ್ತದೆ, ಅದರಿಂದ ಕಣಗಳು ಒಂದಕ್ಕೊಂದು, ರಕ್ತನಾಳದ ಗೋಡೆಗೂ ಬೇಗ ಅಂಟಿಕೊಳ್ಳುತ್ತವೆ. ಆದರೆ ಹೊಟ್ಟೆ ಉರಿ, ಕಪ್ಪು ಮಲ ಕಂಡರೆ ತಕ್ಷಣ ವೈದ್ಯರಿಗೆ ಹೇಳಿ, ಅದು ಒಳಗೆ ರಕ್ತ ಸೋರುತ್ತಿರುವ ಸೂಚನೆ ಇರಬಹುದು. ಪ್ಲೇಟ್‌ಲೆಟ್ 10 ಲಕ್ಷ ದಾಟಿದರೂ ರಕ್ತಸ್ರಾವ ಆಗಬಹುದು, ಆಗ ಆಸ್ಪಿರಿನ್ ಬಗ್ಗೆ ಅವರೇ ಮತ್ತೆ ಯೋಚಿಸುತ್ತಾರೆ.

ಅಪ್ಪ ಬೀಡಿ, ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ತೋರಿಸಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಎದೆನೋವು ಅಥವಾ ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ ಬಂದರೆ ಬೆಳಗಾಗಲಿ ಅಂತ ಕಾಯದೆ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಹೋದ ತಕ್ಷಣ ಈ ಕಾಯಿಲೆಯ ಹೆಸರು ಹೇಳಿ.