ಆರು ಮನೆ ಇದ್ದರೆ ಆರೂ ಮನೆಯ ಒಳಗೆ ಹೋಗಿ

ಕಲಬುರಗಿಯಲ್ಲಿ ಆರು ಬಾಡಿಗೆ ಮನೆಗಳ ಕಟ್ಟಡ ಕೊಳ್ಳಬೇಕು, ಮಾಲೀಕರು ಎರಡು ಮನೆ ತೋರಿಸಿ ಉಳಿದವೂ ಹಾಗೇ ಇವೆ ಅಂತಾರೆ, ಅಷ್ಟು ನೋಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ನಾನು ಜೇವರ್ಗಿ ರಸ್ತೆ ಕಡೆ ಇಂಥದೇ ಕಟ್ಟಡ ತಗೊಂಡಾಗ ಐದು ಮನೆ ನೋಡಿದ್ದೆ. ಆರನೆಯದಕ್ಕೆ ಬೀಗ. 'ಬಾಡಿಗಿಯವ್ರು ಊರಿಗೆ ಹೋಗ್ಯಾರ್ರಿ' ಅಂದರು, ನಂಬಿದೆ. ರಿಜಿಸ್ಟ್ರಿ ಆದ ಮೇಲೆ ಒಳಗೆ ಹೋದರೆ ಬಚ್ಚಲಿನ ಚಾವಣಿಯ ಸಿಮೆಂಟ್ ಉದುರಿ, ತುಕ್ಕು ಹಿಡಿದ ಕಬ್ಬಿಣದ ಸರಳು ಕಾಣುತ್ತಿತ್ತು. ಕೆಳಗೆ ಒಂದು ಬಕೆಟ್. ಮೇಲಿನ ಮನೆಯವರು ಸ್ನಾನ ಮಾಡಿದಾಗಲೆಲ್ಲ ಅದರಲ್ಲಿ ನೀರು ತೊಟ್ಟಿಕ್ಕುತ್ತಿತ್ತಂತೆ. ಆ ಮೇಲಿನ ಮನೆಯನ್ನು ನಾನು ನೋಡಿದ್ದೆ! ಹೊಸ ಟೈಲ್ಸ್ ಚೆಂದ ಇವೆ ಅಂದುಕೊಂಡು ಬಂದಿದ್ದೆ. ಹಾಗಾಗಿ ಮೇಲಿನ ಬಚ್ಚಲಲ್ಲಿ ನಾಲ್ಕು ಬಕೆಟ್ ನೀರು ಸುರಿಸಿ, ಅರ್ಧ ಗಂಟೆ ಬಿಟ್ಟು ಕೆಳಗಿನ ಮನೆಯ ಚಾವಣಿ ನೋಡಿ. ಒಂದೇ ಮೂಲೆಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಕೈಯಿಟ್ಟು ನೋಡಿ. ಅಲಮಾರಿ ಹಿಂದೆಯೂ ಇಣುಕಿ, ನಾಚಿಕೆ ಬೇಡ.

ನಮ್ಮ ಕಡೆ ಎರೆ ಮಣ್ಣು ಜಾಸ್ತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಪಾಯ ಗಟ್ಟಿಯಿಲ್ಲದಿದ್ದರೆ ಗೋಡೆಯೂ ಜೊತೆಗೆ ಬಿರಿಯುತ್ತದೆ. ಗೋಡೆಯ ಪ್ಲಾಸ್ಟರ್‌ನಲ್ಲಿ ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ. ಕಿಟಕಿ ಮೂಲೆಯಿಂದ ಓರೆಯಾಗಿ ಹೋಗಿ, ನಾಣ್ಯ ತೂರುವಷ್ಟು ಅಗಲ ಇದ್ದರೆ ಇಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ.

ಬಾಡಿಗೆಯವರ ಜೊತೆ ಮಾಲೀಕರಿಲ್ಲದಾಗ ಮಾತಾಡಿ. ಮೇ ತಿಂಗಳಲ್ಲಿ ಬೋರ್ ನೀರು ಬರುತ್ತಾ, ಎಷ್ಟು ಸಲ ಟ್ಯಾಂಕರ್ ತರಿಸಿದರು, ಮೇಲಿನ ಮಹಡಿಯಲ್ಲಿ ರಾತ್ರಿ ಮಲಗೋಕೆ ಆಗುತ್ತಾ ಅಂತ ಕೇಳಿ. 42 ಡಿಗ್ರಿ ಬಿಸಿಲಲ್ಲಿ ಕಾದ ಸ್ಲ್ಯಾಬ್ ಕೆಳಗೆ ಯಾರೂ ಜಾಸ್ತಿ ದಿನ ನಿಲ್ಲಲ್ಲ, ಅಲ್ವಾ? ಪ್ರತಿ ಮನೆಗೂ ಬೇರೆ ಜೆಸ್ಕಾಂ ಕರೆಂಟ್ ಮೀಟರ್ ಇದೆಯಾ, ಬಿಲ್ ಬಾಕಿ ಇದೆಯಾ ಅಂತಲೂ ನೋಡಿ.

ಇ.ಸಿ. (ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಪತ್ರ), ಖಾತಾ ಎಲ್ಲ ವಕೀಲರು ನೋಡುತ್ತಾರೆ. ಆದರೆ ಡಿಪಾಸಿಟ್ ವಿಷಯ ನೀವೇ ಹಿಡಿದು ಕೇಳಿ. ಕಟ್ಟಡ ಕೈ ಬದಲಾದರೂ ಬಾಡಿಗೆ ಕರಾರು ಮುಂದುವರಿಯುತ್ತದೆ. ಬಾಡಿಗೆಯವರು ಮನೆ ಬಿಡುವಾಗ ಡಿಪಾಸಿಟ್‌ಗೆ ನಿಮ್ಮ ಬಾಗಿಲಿಗೇ ಬರುತ್ತಾರೆ. ಯಾವ ಮನೆಯವರ ಬಾಡಿಗೆ ಎಷ್ಟು, ಡಿಪಾಸಿಟ್ ಎಷ್ಟು, ಬಾಕಿ ಎಷ್ಟು ಅಂತ ಬರೆಸಿ, ಮಾಲೀಕರ ಸಹಿ ಹಾಕಿಸಿಕೊಂಡು, ಆ ಡಿಪಾಸಿಟ್ ಮೊತ್ತವನ್ನು ಬೆಲೆಯಲ್ಲೇ ಮುರಿದುಕೊಳ್ಳಿ. ನಾನು ಮುರಿದುಕೊಂಡಿರಲಿಲ್ಲ. ಆ ಬಕೆಟ್ ಇಟ್ಟವರು ಬಿಟ್ಟು ಹೋಗುವಾಗ 30,000 ರೂಪಾಯಿ ನನ್ನ ಜೇಬಿಂದಲೇ ಎಣಿಸಿ ಕೊಟ್ಟೆ.